ಉತ್ತರ ಇಂಗ್ಲೆಂಡಿನ ಪ್ರಾಂತೀಯ ರೈಲು ಗುತ್ತಿಗೆ: ಅದರ ಇತಿಹಾಸವೂ ತತ್ತ್ವವೂ

೧. ವಿಷಯನಿರೂಪಣೆ

ರಾಷ್ಟ್ರದ ಸ್ವತ್ತಾಗಿದ್ದ ಉದ್ಯಮವೊಂದನ್ನು ವರ್ತಕರ ಸಂಘಗಳಿಗೆ ಒಪ್ಪಿಸುವ ಪದ್ಧತಿಗೆ ‘ಖಾಸಗೀಕರಣ’ ಎಂಬ ಹೆಸರು ರೂಢಿಗೆ ಬಂದಿದೆ. ಈ ಪದ್ಧತಿಯನ್ನು ಕುರಿತು ವಾದಿಸುವವರು ಎರಡು ಪಕ್ಷದವರು. ಲಾಭದ ಆಸೆಯೇ ದಕ್ಷತೆಗೆ ಮೂಲವೆಂದು ಒಂದು ಪಕ್ಷ; ಲೋಕೋಪಯೋಗಿಯಾದ ಕಾರ್ಯವನ್ನು ಲಾಭಕ್ಕೆ ಅಧೀನವಾಗಿಸುವುದು ಅನ್ಯಾಯವೆಂದು ಮತ್ತೊಂದು ಪಕ್ಷ. ಇವರಿಬ್ಬರೂ ವಾದಕ್ಕೆ ತೊಡಗುವ ಮೊದಲು ನಿರ್ಣಯಿಸಿಕೊಳ್ಳಬೇಕಾದ ವಿಷಯವೊಂದಿದೆ. ಕೈ ಬದಲಾದ ವಸ್ತು ಯಾವುದು? ಸ್ವಾಮ್ಯವೋ, ಅಧಿಕಾರವೋ, ಹೊಣೆಯೋ? ಇದು ಗೊತ್ತಾಗದೆ ಗುಣದೋಷವಿಚಾರಕ್ಕೆ ಆಧಾರವೇ ಇರುವುದಿಲ್ಲ.

ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಇಂಗ್ಲೆಂಡಿನ ಉತ್ತರಭಾಗದಲ್ಲಿ, ಎಂದರೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಲೀಡ್ಸ್, ಷೆಫೀಲ್ಡ್, ನ್ಯೂಕಾಸಲ್ ಮೊದಲಾದ ನಗರಗಳ ಸುತ್ತಣ ಸೀಮೆಯಲ್ಲಿ, ಊರೂರಿಗೂ ನಿಂತು ಸಾಗುವ ಪ್ರಯಾಣಿಕ ರೈಲುಗಳನ್ನು ೧೯೯೭ರಿಂದ ೨೦೨೦ರ ವರೆಗೆ ಖಾಸಗಿ ಸಂಸ್ಥೆಗಳು ಗುತ್ತಿಗೆಯ ಮೇಲೆ ನಡೆಸಿದುವು. ಆ ಗುತ್ತಿಗೆಯ ಆದಿಮಧ್ಯಾಂತಗಳು ಇಲ್ಲಿ ನಿರೂಪಿತವಾಗಿವೆ.

೨. ಶಬ್ದವಿಚಾರ

‘ಖಾಸಗಿ’ ಎಂಬ ಮಾತು ಅರಬ್ಬೀ ಭಾಷೆಯ ‘ಖಾಸ್’ ಶಬ್ದದಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ವಿಶೇಷವಾದುದು, ಸ್ವಂತವಾದುದು ಎಂದು ಅದರ ಮೂಲಾರ್ಥ. ಅರಮನೆಗಳ ವ್ಯವಹಾರದಲ್ಲಿ ದೊರೆಯ ಸ್ವಂತಕ್ಕೆ ಸೇರಿದುದೇ ಖಾಸಾ ಎನ್ನಿಸಿಕೊಳ್ಳುತ್ತಿದ್ದಿತು. ಈಗಲಾದರೋ ಸರ್ಕಾರಕ್ಕೆ ಸೇರದುದೇ ಖಾಸಗಿಯಾಗಿದೆ. ಅರ್ಥವು ಹೀಗೆ ವಿಪರ್ಯಾಸವನ್ನು ಹೊಂದಿದ್ದರೂ ‘ಸ್ವಂತ’ ಎಂಬ ಅಂಶ ಎರಡರಲ್ಲಿಯೂ ಉಳಿದುಕೊಂಡಿದೆ. ಆದಕಾರಣ ಖಾಸಗೀಕರಣವೆಂದೊಡನೆ ಸ್ವಾಮ್ಯವೇ ಕೈ ಬದಲಾಯಿತೆಂಬ ಭಾವನೆ ಮನಸ್ಸಿಗೆ ಬರುವುದು ಸಹಜ.

ಇಂಗ್ಲಿಷರು ಈ ರೈಲು ವ್ಯವಹಾರಕ್ಕೆ ಉಪಯೋಗಿಸಿದ ಪಾರಿಭಾಷಿಕ ಪದವು ‘ಫ್ರಾಂಚೈಸ್’ ಎಂಬುದು. ಅದು ಹಳೆಯ ಫ್ರೆಂಚ್ ಭಾಷೆಯ ‘ಫ್ರಾಂಕ್’, ಎಂದರೆ ಸ್ವತಂತ್ರ, ಎಂಬ ಶಬ್ದದಿಂದ ಹುಟ್ಟಿ, ಪ್ರಭುವಿನಿಂದ ದೊರೆತ ವಿಶೇಷಾಧಿಕಾರವೆಂಬ ಅರ್ಥವನ್ನು ಪಡೆಯಿತು. ನಮ್ಮಲ್ಲಿ ಇದಕ್ಕೆ ಸಮೀಪವಾದ ಮಾತು ‘ಗುತ್ತಿಗೆ’. ಶಾಸನಗಳಲ್ಲಿ ‘ಗುತ್ತಗೆ’ ಎಂಬ ರೂಪದಲ್ಲಿ ಇದು ದೊರೆಯುತ್ತದೆ. ಗುತ್ತಿಗೆಯಲ್ಲಿ ಭೂಮಿಯ ಒಡೆತನ ಒಡೆಯನಲ್ಲಿಯೇ ಉಳಿದು, ಅನುಭೋಗ ಮಾತ್ರ ನಿಯತಕಾಲದ ವರೆಗೆ ಅನ್ಯನದಾಗುತ್ತದೆ. ಮುಂದೆ ಹೇಳಲಿರುವ ಇತಿಹಾಸಕ್ಕೆ ‘ಖಾಸಗಿ’ ಎಂಬುದಕ್ಕಿಂತ ‘ಗುತ್ತಿಗೆ’ ಎಂಬ ಮಾತೇ ಹೆಚ್ಚು ಒಪ್ಪುವುದೆಂದು ವಾಚಕರಿಗೆ ತಿಳಿದುಬರುವುದು.

೩. ಪೂರ್ವಚರಿತ್ರೆ

ರೈಲುಮಾರ್ಗಕ್ಕೆ ಉತ್ತರ ಇಂಗ್ಲೆಂಡು ಜನ್ಮಭೂಮಿ. ಸ್ಟಾಕ್ಟನ್-ಡಾರ್ಲಿಂಗ್ಟನ್ ಮಾರ್ಗ ೧೮೨೫ರಲ್ಲಿಯೂ ಲಿವರ್‌ಪೂಲ್-ಮ್ಯಾಂಚೆಸ್ಟರ್ ಮಾರ್ಗ ೧೮೩೦ರಲ್ಲಿಯೂ ತೆರೆಯಲ್ಪಟ್ಟುವು. ಇವೆರಡೂ ಷೇರು ಹಣದಿಂದ ಕಟ್ಟಿದ ಖಾಸಗಿ ಕಂಪೆನಿಗಳ ಕೃತಿಗಳು. ಆ ಕಾಲದ ಕಂಪೆನಿಗೆ ಹಳಿ, ಸೇತುವೆ, ನಿಲ್ದಾಣ, ಇಂಜಿನ್, ಗಾಡಿ ಸಮಸ್ತವೂ ಸ್ವಂತವಾಗಿದ್ದುವು. ಖಾಸಗಿ ಎಂಬ ಶಬ್ದ ಅಲ್ಲಿ ಪೂರ್ಣಾರ್ಥದಲ್ಲಿ ಅನ್ವಯಿಸುತ್ತದೆ. ನೂರಾರು ಕಂಪೆನಿಗಳಾಗಿದ್ದ ಇವು ೧೯೨೧ರ ಶಾಸನಾನುಸಾರ ೧೯೨೩ರ ಜನವರಿ ೧ರಿಂದ ನಾಲ್ಕು ದೊಡ್ಡ ಕಂಪೆನಿಗಳಾಗಿ ಕೂಡಿಸಲ್ಪಟ್ಟುವು. ೧೯೪೮ರ ಜನವರಿ ೧ರಂದು ಆ ನಾಲ್ಕೂ ರಾಷ್ಟ್ರದ ಸ್ವತ್ತಾಗಿ, ‘ಬ್ರಿಟಿಷ್ ರೈಲ್ವೇಸ್’ ಎಂಬ ಒಂದೇ ಸಂಸ್ಥೆ ಏರ್ಪಟ್ಟಿತು.

ಮೋಟಾರು ವಾಹನಗಳ ಪ್ರಚಾರ ಹೆಚ್ಚಿದಂತೆ ಈ ಸಂಸ್ಥೆ ನಷ್ಟಕ್ಕೆ ಈಡಾಯಿತು. ೧೯೬೩ರಲ್ಲಿ ಅದರ ಅಧ್ಯಕ್ಷರಾದ ರಿಚರ್ಡ್ ಬೀಚಿಂಗರು ಎರಡು ಸಾವಿರಕ್ಕೂ ಮಿಕ್ಕ ನಿಲ್ದಾಣಗಳನ್ನು ಮುಚ್ಚಬೇಕೆಂದು ವರದಿಮಾಡಿದರು; ಬಹುಭಾಗ ಹಾಗೆಯೇ ನಡೆಯಿತು. ಬಳಿಕ ೧೯೬೮ರ ಸಾರಿಗೆ ಶಾಸನವು ಒಂದು ಹೊಸ ತತ್ತ್ವವನ್ನು ಅಂಗೀಕರಿಸಿತು. ಲಾಭ ತರದ ಮಾರ್ಗವಾದರೂ ಸಮಾಜಕ್ಕೆ ಆವಶ್ಯಕವಾಗಿದ್ದರೆ ಸರ್ಕಾರವು ಸಹಾಯಧನವನ್ನು ಕೊಟ್ಟು ಅದನ್ನು ನಡೆಸಬಹುದು ಎಂಬುದೇ ಆ ತತ್ತ್ವ. ಮ್ಯಾಂಚೆಸ್ಟರ್, ಲಿವರ್‌ಪೂಲ್, ನ್ಯೂಕಾಸಲ್ ಸೀಮೆಗಳಲ್ಲಿ ಸ್ಥಳೀಯ ಸಾರಿಗೆಯನ್ನು ನೋಡಿಕೊಳ್ಳುವ ಅಧಿಕಾರ ಮಂಡಲಿಗಳೂ ಈ ಶಾಸನದಿಂದಲೇ ಹುಟ್ಟಿದುವು. ಯಾರ್ಕ್‌ಷೈರಿನ ದಕ್ಷಿಣ ಪಶ್ಚಿಮ ಸೀಮೆಗಳಿಗೂ ೧೯೭೪ರಲ್ಲಿ ಅಂಥವು ಏರ್ಪಟ್ಟುವು.

೧೯೮೨ರಲ್ಲಿ ಬ್ರಿಟಿಷ್ ರೈಲ್ವೆಯು ತನ್ನ ಕಾರ್ಯವನ್ನು ವಿಭಾಗಗಳಾಗಿ ಹಂಚಿಕೊಂಡಾಗ, ದೂರದ ವೇಗದ ರೈಲುಗಳು ಒಂದು ವಿಭಾಗಕ್ಕೆ, ಲಂಡನ್ನಿನ ಸುತ್ತಣ ರೈಲುಗಳು ಮತ್ತೊಂದಕ್ಕೆ ಸೇರಿ, ಉಳಿದುದೆಲ್ಲವೂ ‘ಪ್ರಾಂತೀಯ’ ವಿಭಾಗವೆನ್ನಿಸಿತು. ೧೯೮೯ರಲ್ಲಿ ಇದಕ್ಕೆ ‘ರೀಜನಲ್ ರೈಲ್ವೇಸ್’ ಎಂಬ ಹೆಸರಾಯಿತು. ಪ್ರಯಾಣದರದಿಂದ ವೆಚ್ಚ ಹುಟ್ಟದ ವಿಭಾಗವಿದು. ಆದುದರಿಂದ ಇದರ ನಿರ್ವಾಹಕರಿಗೆ ಮಿತವ್ಯಯವೇ ಪರಮಧರ್ಮವಾಯಿತು. ಅದರ ಫಲವಾಗಿ ಹುಟ್ಟಿದುದು ‘ಪೇಸರ್’ ಎಂಬ ಗಾಡಿ. ಲೇಲ್ಯಾಂಡ್ ಬಸ್ಸಿನ ಒಡಲನ್ನು ಸಾಮಾನು ಗಾಡಿಯ ಮಾದರಿಯ ನಾಲ್ಕು ಗಾಲಿಗಳ ಚೌಕಟ್ಟಿನ ಮೇಲೆ ಕೂರಿಸಿ ಇದನ್ನು ರಚಿಸಿದರು. ತಿರುವುಗಳಲ್ಲಿ ಕಿರುಗುಟ್ಟುತ್ತ, ಹಳಿಗಳ ಸಂಧಿಗಳಲ್ಲಿ ಕುಪ್ಪಳಿಸುತ್ತ ಸಾಗುತ್ತಿದ್ದ ಈ ಗಾಡಿಯನ್ನು ಪ್ರಯಾಣಿಕರು ಬಹಳ ಹಳಿದರು. ಆದರೆ ಇದು ಅಗ್ಗವಾಗಿರದಿದ್ದರೆ ಎಷ್ಟೋ ಶಾಖಾಮಾರ್ಗಗಳು ಆಗಲೇ ಮುಚ್ಚಿಹೋಗುತ್ತಿದ್ದುವೆಂಬ ಸಮಾಧಾನವೂ ಇದೆ. ಸೆಟಲ್-ಕಾರ್ಲೈಲ್ ಬೆಟ್ಟದ ಮಾರ್ಗವನ್ನು ಮುಚ್ಚುವ ಪ್ರಸ್ತಾಪ ಜನರ ಹೋರಾಟದಿಂದ ೧೯೮೯ರಲ್ಲಿ ಕೈಬಿಡಲ್ಪಟ್ಟುದೂ ಈ ಕಾಲದಲ್ಲಿಯೇ.

೪. ವಿಭಜನ ಶಾಸನ

ಜಾನ್ ಮೇಜರ್ ಅವರ ಸರ್ಕಾರವು ೧೯೯೨ರಲ್ಲಿ ತನ್ನ ಉದ್ದೇಶವನ್ನು ಪ್ರಕಟಿಸಿ, ೧೯೯೩ರ ನವೆಂಬರಿನಲ್ಲಿ ರೈಲ್ವೆ ಶಾಸನವನ್ನು ಪಾರ್ಲಿಮೆಂಟಿನಿಂದ ಪಡೆಯಿತು. ಈ ಶಾಸನದ ಸ್ವರೂಪವನ್ನು ಸ್ಪಷ್ಟವಾಗಿ ಗ್ರಹಿಸುವುದು ಅತ್ಯಾವಶ್ಯಕ. ೧೯೨೩ರ ಕಂಪೆನಿಗಳಂತೆ ಪ್ರದೇಶಾನುಸಾರವಾಗಿ ಅಖಂಡ ಕಂಪೆನಿಗಳನ್ನು ಇದು ಮಾಡಲಿಲ್ಲ. ರೈಲ್ವೆಯ ಅಂಗಾಂಗಗಳನ್ನೇ ಬೇರ್ಪಡಿಸಿ ಬೇರೆ ಬೇರೆ ಒಡೆಯರಿಗೆ ಹಂಚಿತು. ಹಳಿ, ಸಂಕೇತ, ನಿಲ್ದಾಣಗಳು ೧೯೯೪ರ ಏಪ್ರಿಲ್ ೧ರಂದು ‘ರೈಲ್‌ಟ್ರ್ಯಾಕ್’ ಎಂಬ ಸಂಸ್ಥೆಗೆ ಹೋದುವು. ೧೯೯೬ರಲ್ಲಿ ಅದರ ಷೇರುಗಳು ಮಾರಾಟವಾದುವು. ಪ್ರಯಾಣಿಕ ಗಾಡಿಗಳು ಮೂರು ಬಾಡಿಗೆ ಕಂಪೆನಿಗಳ ಸ್ವತ್ತಾದುವು. ಪ್ರಯಾಣಿಕರನ್ನು ಒಯ್ಯುವ ಕಾರ್ಯವು ಇಪ್ಪತ್ತೈದು ಭಾಗಗಳಾಗಿ ನಿಯತಕಾಲದ ಗುತ್ತಿಗೆಗೆ ಬಂದಿತು.

ಹೀಗಾಗಿ ಗುತ್ತಿಗೆದಾರನು ಹಳಿಯನ್ನು ರೈಲ್‌ಟ್ರ್ಯಾಕಿನಿಂದಲೂ ಗಾಡಿಯನ್ನು ಬಾಡಿಗೆ ಕಂಪೆನಿಯಿಂದಲೂ ಪಡೆಯಬೇಕು. ನಿಲ್ದಾಣಗಳೂ ಬಹುಮಟ್ಟಿಗೆ ಬಾಡಿಗೆಯವೇ. ಎಷ್ಟು ರೈಲುಗಳು ಓಡಬೇಕೆಂಬುದನ್ನು ಗುತ್ತಿಗೆಯ ಪತ್ರ ಗೊತ್ತುಮಾಡುತ್ತದೆ. ಮುಖ್ಯವಾದ ಪ್ರಯಾಣದರಗಳನ್ನು ಸರ್ಕಾರ ನಿಯಂತ್ರಿಸುತ್ತದೆ. ಆತನದೆಂದು ಹೇಳಬಹುದಾದುದು ನೌಕರರ ಮೇಲಣ ಆಡಳಿತ, ಗಾಡಿಗೆ ಬಳಿದ ಬಣ್ಣ, ಮತ್ತು ಲಾಭನಷ್ಟಗಳ ಲೆಕ್ಕ, ಇಷ್ಟೇ.

ಪ್ರಾಂತೀಯ ಗುತ್ತಿಗೆಗಳಲ್ಲಿ ಮತ್ತೊಂದು ವಿಶೇಷವಿದೆ. ಸಾಮಾನ್ಯವಾದ ಗುತ್ತಿಗೆಯಲ್ಲಿ ಗುತ್ತಿಗೆದಾರನು ಒಡೆಯನಿಗೆ ಹಣವನ್ನು ತೆರುತ್ತಾನೆ. ಇಲ್ಲಿ ಒಡೆಯನಾದ ಸರ್ಕಾರವೇ ಗುತ್ತಿಗೆದಾರನಿಗೆ ತೆರಬೇಕು. ಹರಾಜು ನಡೆಯುವುದು ಯಾರು ಹೆಚ್ಚು ಕೊಡುವರೆಂಬುದಕ್ಕಲ್ಲ, ಯಾರು ಕಡಮೆ ಬೇಡುವರೆಂಬುದಕ್ಕೆ. ಈ ಸಹಾಯಧನ ವರ್ಷವರ್ಷಕ್ಕೂ ಇಳಿಯುತ್ತ ಹೋಗುವಂತೆ ಪತ್ರಗಳು ಬರೆಯಲ್ಪಟ್ಟುವು. ದಕ್ಷತೆಯಿಂದ ವೆಚ್ಚ ಇಳಿಯುವುದು, ಪ್ರಯಾಣಿಕರು ಹೆಚ್ಚುವರು ಎಂಬ ನಂಬಿಕೆಯೇ ಇದಕ್ಕೆ ಆಧಾರ.

೫. ಮೊದಲನೆಯ ಗುತ್ತಿಗೆಗಳು: ೧೯೯೭–೨೦೦೪

ಉತ್ತರಪ್ರಾಂತದಲ್ಲಿ ಎರಡು ಗುತ್ತಿಗೆಗಳಾದುವು. ಎರಡೂ ೧೯೯೭ರ ಮಾರ್ಚ್ ೨ರಂದು ಆರಂಭವಾದುವು. ಈಶಾನ್ಯಭಾಗ ‘ಎಂ.ಟಿ.ಎಲ್.’ ಎಂಬ ಸಂಸ್ಥೆಗೆ ಬಂದಿತು. ಇದು ಲಿವರ್‌ಪೂಲ್ ಸೀಮೆಯ ಸಾರ್ವಜನಿಕ ಬಸ್ಸು ಸಂಸ್ಥೆಯಾಗಿದ್ದು ಬಳಿಕ ನೌಕರರ ಕೈಗೆ ಮಾರಲ್ಪಟ್ಟ ಕಂಪೆನಿ. ೧೯೯೮ರಲ್ಲಿ ಅದು ತನ್ನ ರೈಲುಗಳಿಗೆ ‘ನಾರ್ದರ್ನ್ ಸ್ಪಿರಿಟ್’ ಎಂದು ನಾಮಕರಣ ಮಾಡಿತು. ವಾಯವ್ಯಭಾಗ ‘ಗ್ರೇಟ್ ವೆಸ್ಟರ್ನ್ ಹೋಲ್ಡಿಂಗ್ಸ್’ ಸಂಸ್ಥೆಗೆ ಹೋಗಿ ‘ನಾರ್ತ್ ವೆಸ್ಟರ್ನ್ ಟ್ರೇನ್ಸ್’ ಎನ್ನಿಸಿತು. ೧೯೯೮ರಲ್ಲಿ ಆ ಸಂಸ್ಥೆಯನ್ನೇ ಫಸ್ಟ್‌ಗ್ರೂಪ್ ಕೊಂಡುಕೊಂಡುದರಿಂದ ರೈಲುಗಳ ಹೆಸರು ‘ಫಸ್ಟ್ ನಾರ್ತ್ ವೆಸ್ಟರ್ನ್’ ಎಂದಾಯಿತು.

ಎಂ.ಟಿ.ಎಲ್. ಸಂಸ್ಥೆ ಹೆಚ್ಚು ಕಾಲ ನಿಲ್ಲಲಿಲ್ಲ. ಹಣದ ಬಿಕ್ಕಟ್ಟಿಗೆ ಸಿಲುಕಿದ ಅದನ್ನು ೨೦೦೦ದ ಫೆಬ್ರವರಿಯಲ್ಲಿ ಅರೈವಾ ಕಂಪೆನಿ ಕೊಂಡುಕೊಂಡಿತು. ಮರುವರ್ಷ ರೈಲುಗಳಿಗೆ ‘ಅರೈವಾ ಟ್ರೇನ್ಸ್ ನಾರ್ದರ್ನ್’ ಎಂದು ಹೆಸರಾಯಿತು. ಈ ಕಾಲದಲ್ಲಿ ಚಾಲಕರ ಕೊರತೆ ತೀವ್ರವಾಗಿ ಅನೇಕ ರೈಲುಗಳು ರದ್ದಾದುವು. ಒಂದೇ ರಾಷ್ಟ್ರೀಯ ಸಂಸ್ಥೆಯಿದ್ದಾಗ ಚಾಲಕನಿಗೆ ಒಡೆಯನೊಬ್ಬನೇ. ಇಪ್ಪತ್ತೈದು ಕಂಪೆನಿಗಳಾದ ಮೇಲೆ, ಶಿಕ್ಷಣ ಹೊಂದಿದ ಚಾಲಕನನ್ನು ಹೆಚ್ಚಿನ ಸಂಬಳ ಕೊಟ್ಟು ನೆರೆಯ ಕಂಪೆನಿಯು ಕರೆದುಕೊಳ್ಳುವುದು ಸಾಧ್ಯವಾಯಿತು. ಈ ಸ್ಪರ್ಧೆಯಲ್ಲಿ ಸಹಾಯಧನದಿಂದ ಜೀವಿಸುವ ಪ್ರಾಂತೀಯ ಕಂಪೆನಿಯೇ ದುರ್ಬಲ.

ಇದೇ ವೇಳೆಗೆ ಹಳಿಗಳ ಒಡೆತನವೂ ತತ್ತರಿಸಿತು. ೨೦೦೦ದ ಅಕ್ಟೋಬರ್ ೧೭ರಂದು ಹ್ಯಾಟ್‌ಫೀಲ್ಡಿನಲ್ಲಿ ಬಿರುಕುಬಿಟ್ಟ ಹಳಿಯೊಂದು ಚೂರಾಗಿ ರೈಲು ಉರುಳಿ ನಾಲ್ವರು ಮೃತರಾದರು. ಅಂಥ ಬಿರುಕುಗಳು ಬೇರೆಡೆಗಳಲ್ಲಿಯೂ ಇರಬಹುದೆಂಬ ಭಯದಿಂದ ದೇಶದಲ್ಲೆಲ್ಲ ವೇಗನಿರ್ಬಂಧಗಳು ವಿಧಿಸಲ್ಪಟ್ಟುವು. ರೈಲ್‌ಟ್ರ್ಯಾಕ್ ೨೦೦೧ರಲ್ಲಿ ದಿವಾಳಿಯ ಆಡಳಿತಕ್ಕೆ ಒಳಪಟ್ಟು, ೨೦೦೨ರ ಅಕ್ಟೋಬರಿನಲ್ಲಿ ಅದರ ಸ್ಥಾನಕ್ಕೆ, ಷೇರುದಾರರಿಗೆ ಲಾಭ ಹಂಚದ ‘ನೆಟ್‌ವರ್ಕ್ ರೈಲ್’ ಸಂಸ್ಥೆ ಬಂದಿತು. ಖಾಸಗೀಕರಣದಲ್ಲಿ ಸ್ವಾಮ್ಯವು ನಿಜವಾಗಿ ಮಾರಲ್ಪಟ್ಟಿದ್ದ ಅಂಗಗಳಲ್ಲಿ ಮುಖ್ಯವಾದುದು ಹೀಗೆ ಆರೇ ವರ್ಷಗಳಲ್ಲಿ ಷೇರುಪೇಟೆಯಿಂದ ಹೊರಬಿದ್ದಿತು.

೬. ಎರಡನೆಯ ಗುತ್ತಿಗೆ: ೨೦೦೪–೨೦೧೬

೨೦೦೪ರಲ್ಲಿ ಉತ್ತರಪ್ರಾಂತದ ನಕ್ಷೆ ಬದಲಾಯಿತು. ಪೆನೈನ್ ಬೆಟ್ಟಸಾಲನ್ನು ದಾಟಿ ದೊಡ್ಡ ನಗರಗಳನ್ನು ಕೂಡಿಸುವ ವೇಗದ ರೈಲುಗಳು ಫೆಬ್ರವರಿಯಿಂದ ‘ಟ್ರಾನ್ಸ್‌ಪೆನೈನ್ ಎಕ್ಸ್‌ಪ್ರೆಸ್’ ಎಂಬ ಪ್ರತ್ಯೇಕ ಗುತ್ತಿಗೆಯಾದುವು. ಈಶಾನ್ಯ, ವಾಯವ್ಯ ಭಾಗಗಳ ಉಳಿದ ರೈಲುಗಳನ್ನು ಒಟ್ಟುಗೂಡಿಸಿ ಡಿಸೆಂಬರ್ ೧೨ರಿಂದ ‘ನಾರ್ದರ್ನ್ ರೈಲ್’ ಎಂಬ ಒಂದೇ ಗುತ್ತಿಗೆಯನ್ನು ಮಾಡಿದರು. ಗಳಿಕೆಯುಳ್ಳ ಮಾರ್ಗಗಳನ್ನು ಬೇರೆ ತೆಗೆದು, ಗಳಿಕೆ ಕಡಮೆಯಾದುವನ್ನೆಲ್ಲ ಒಂದುಗೂಡಿಸಿದಂತಾಯಿತು. ಸುಮಾರು ಐದುನೂರು ನಿಲ್ದಾಣಗಳಿಗೆ ದಿನಕ್ಕೆ ಸುಮಾರು ೨೫೦೦ ರೈಲುಗಳನ್ನು ಓಡಿಸುವ ಈ ಗುತ್ತಿಗೆ, ವಿಸ್ತಾರದಲ್ಲಿ ದೇಶದ ಅತ್ಯಂತ ದೊಡ್ಡವುಗಳಲ್ಲಿ ಒಂದು.

ಇದನ್ನು ಪಡೆದವರು ಸರ್ಕೋ ಎಂಬ ಬ್ರಿಟಿಷ್ ಕಂಪೆನಿಯೂ ‘ನೆಡ್‌ರೈಲ್ವೇಸ್’ ಎಂಬ ಡಚ್ ಸಂಸ್ಥೆಯೂ ಸಮಪಾಲುದಾರರಾಗಿ. ನೆಡ್‌ರೈಲ್ವೇಸ್ ಸಂಸ್ಥೆಗೆ ೨೦೦೯ರಲ್ಲಿ ‘ಅಬೆಲ್ಲಿಯೋ’ ಎಂದು ಹೆಸರಾಯಿತು. ಅದು ಆಗ ಹಾಲೆಂಡಿನ ಸರ್ಕಾರಿ ರೈಲ್ವೆಯ ಅಂಗವಾಗಿದ್ದಿತು. ೧೯೯೩ರ ಶಾಸನದ ಇಪ್ಪತ್ತೈದನೆಯ ಪ್ರಕರಣವು ಬ್ರಿಟನ್ನಿನ ಸರ್ಕಾರಿ ಅಂಗಗಳೂ ಸ್ಥಳೀಯ ಮಂಡಲಿಗಳೂ ಗುತ್ತಿಗೆದಾರರಾಗುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತಿದ್ದಿತು. ಅನ್ಯದೇಶದ ಸರ್ಕಾರದ ರೈಲ್ವೆಗೆ ಆ ನಿಷೇಧವಿರಲಿಲ್ಲ. ಸ್ವದೇಶದ ಸರ್ಕಾರಕ್ಕೆ ಅನರ್ಹವಾದ ಕಾರ್ಯ ಪರದೇಶದ ಸರ್ಕಾರಕ್ಕೆ ಅರ್ಹವಾದ ಈ ವೈಚಿತ್ರ್ಯ ಮುಂದೆಯೂ ಕಾಣುವುದು.

ಈ ಗುತ್ತಿಗೆಯ ಪತ್ರವನ್ನು ಬರೆದವರು ಪ್ರಯಾಣಿಕರ ಸಂಖ್ಯೆ ಬೆಳೆಯದೆಂದೂ ಹೊಸ ಗಾಡಿಗಳ ಅಗತ್ಯವಿಲ್ಲವೆಂದೂ ಭಾವಿಸಿದ್ದರು. ಸಂಖ್ಯೆ ಬೆಳೆಯಿತು; ಗಾಡಿಗಳು ಬೆಳೆಯಲಿಲ್ಲ. ಬೆಳಗು ಸಂಜೆಗಳ ಪೇಸರ್ ಗಾಡಿಗಳಲ್ಲಿ ಜನ ನಿಂತು ಪ್ರಯಾಣಮಾಡಿದರು. ಇದು ಗುತ್ತಿಗೆದಾರನ ದೋಷವೆನ್ನಲಾಗದು. ಪತ್ರವು ವಿಧಿಸಿದುದನ್ನು ಆತನು ಮಾಡಿದನು, ವಿಧಿಸದುದಕ್ಕೆ ಹಣವಿರಲಿಲ್ಲ. ಪತ್ರವನ್ನು ಬರೆದವರು ಲಂಡನ್ನಿನಲ್ಲಿದ್ದರು. ಗುತ್ತಿಗೆಯ ಅವಧಿ ಹಲವು ಸಲ ವಿಸ್ತರಿಸಲ್ಪಟ್ಟು ೨೦೧೬ರ ಮಾರ್ಚ್ ೩೧ರಂದು ಮುಗಿಯಿತು.

೭. ಮೂರನೆಯ ಗುತ್ತಿಗೆ: ೨೦೧೬–೨೦೨೦

ಮುಂದಿನ ಗುತ್ತಿಗೆಯನ್ನು ಸಿದ್ಧಪಡಿಸುವಾಗ ಪೇಸರ್ ಗಾಡಿಗಳ ಪ್ರಶ್ನೆ ಎದ್ದಿತು. ಅವನ್ನು ತೆಗೆದುಹಾಕುವುದರಿಂದ ಆಗುವ ಪ್ರಯೋಜನವು ವೆಚ್ಚಕ್ಕೆ ಸಮನಾಗದೆಂದು ಸಾರಿಗೆ ಇಲಾಖೆಯ ಕಾರ್ಯದರ್ಶಿಗಳು ಲೆಕ್ಕ ಹಾಕಿದರು. ಆಗ ಮಂತ್ರಿಗಳಾಗಿದ್ದ ಪ್ಯಾಟ್ರಿಕ್ ಮೆಕ್‌ಲಾಕ್ಲಿನ್ ಅವರು ೨೦೧೫ರಲ್ಲಿ ಲಿಖಿತ ಆದೇಶವನ್ನು ಕೊಟ್ಟು, ಲೆಕ್ಕವನ್ನು ಮೀರಿ ಅವು ಹೋಗಲೇಬೇಕೆಂದು ವಿಧಿಸಿದರು. ಲೆಕ್ಕದಲ್ಲಿ ಒಂದು ಪ್ರಾಂತದ ಜನರ ಅಭಿಮಾನಕ್ಕೆ ಅಂಕಣವಿರಲಿಲ್ಲ. ಅದನ್ನು ಸೇರಿಸಬೇಕಾದವರು ಜನಪ್ರತಿನಿಧಿಗಳೇ.

೨೦೧೬ರ ಏಪ್ರಿಲ್ ೧ರಿಂದ ಅರೈವಾ ಮತ್ತೆ ಗುತ್ತಿಗೆದಾರನಾಯಿತು. ೨೦೧೦ರಿಂದ ಅದು ಜರ್ಮನಿಯ ಸರ್ಕಾರಿ ರೈಲ್ವೆಯಾದ ಡಾಯ್ಚೆ ಬಾನ್ ಸಂಸ್ಥೆಯ ಸ್ವತ್ತಾಗಿದ್ದಿತು. ಈ ಪತ್ರ ಹಿಂದಿನದಕ್ಕೆ ವಿರುದ್ಧವಾಗಿ ಆಶಾಭರಿತವಾಗಿದ್ದಿತು. ಸ್ಪೇನಿನ ‘ಕಾಫ್’ ಕಾರ್ಖಾನೆಯಿಂದ ಹೊಸ ಗಾಡಿಗಳು, ಹೆಚ್ಚು ರೈಲುಗಳು, ೨೦೧೯ರ ಕೊನೆಯೊಳಗೆ ಪೇಸರ್‌ಗಳ ನಿವೃತ್ತಿ, ಇವೆಲ್ಲ ವಾಗ್ದಾನಗಳು. ಉತ್ತರದ ಸ್ಥಳೀಯ ಮಂಡಲಿಗಳಿಗೂ ಗುತ್ತಿಗೆಯ ಮೇಲ್ವಿಚಾರಣೆಯಲ್ಲಿ ಭಾಗ ದೊರೆಯಿತು.

ಈ ವಾಗ್ದಾನಗಳೆಲ್ಲ ಅನ್ಯರ ಕಾರ್ಯವನ್ನು ಅವಲಂಬಿಸಿದ್ದುವು. ಬೋಲ್ಟನ್ ಮೂಲಕ ಮ್ಯಾಂಚೆಸ್ಟರಿನಿಂದ ಪ್ರೆಸ್ಟನ್ನಿಗೆ ಹೋಗುವ ಮಾರ್ಗಕ್ಕೆ ವಿದ್ಯುತ್ತನ್ನು ಅಳವಡಿಸಬೇಕಾದುದು ನೆಟ್‌ವರ್ಕ್ ರೈಲ್. ೨೦೧೮ರ ಮೇ ತಿಂಗಳ ವೇಳಾಪಟ್ಟಿ ಆ ಕಾರ್ಯ ಮುಗಿದಿರುವುದೆಂಬ ಭಾವನೆಯಿಂದ ರಚಿತವಾಗಿದ್ದಿತು. ಮುಗಿಯದೆಂದು ಆ ವರ್ಷದ ಜನವರಿಯಲ್ಲಿ ತಿಳಿದುಬಂದಾಗ ವೇಳಾಪಟ್ಟಿಯನ್ನು ಅವಸರದಲ್ಲಿ ಹೊಸದಾಗಿ ಬರೆಯಬೇಕಾಯಿತು. ಚಾಲಕನು ಪ್ರತಿಯೊಂದು ಮಾರ್ಗದ ತಿರುವನ್ನೂ ಸಂಕೇತವನ್ನೂ ಕಲಿತು ಪರೀಕ್ಷಿತನಾಗದೆ ಅಲ್ಲಿ ರೈಲನ್ನು ನಡೆಸಲಾಗದು. ಅದಕ್ಕೆ ಬೇಕಾದ ಕಾಲವೂ ಉಳಿಯಲಿಲ್ಲ. ಮ್ಯಾಂಚೆಸ್ಟರಿನ ನಡುವಿನ ಕ್ಯಾಸಲ್‌ಫೀಲ್ಡ್ ಎಂಬ ಎರಡೇ ಹಳಿಗಳ ಇಕ್ಕಟ್ಟಿನ ಮಾರ್ಗಕ್ಕೆ, ೨೦೧೭ರ ಡಿಸೆಂಬರಿನಲ್ಲಿ ತೆರೆದ ಆರ್ಡ್‌ಸಾಲ್ ಕೂಡುಮಾರ್ಗದಿಂದ ಮತ್ತಷ್ಟು ರೈಲುಗಳು ಬಂದು ಸೇರುವಂತಾಗಿದ್ದಿತು. ಆದರೆ ಪಿಕಡಿಲಿ ನಿಲ್ದಾಣದಲ್ಲಿ ಅದಕ್ಕೆ ಪೂರಕವಾಗಿ ಯೋಚಿಸಿದ್ದ ಎರಡು ಹೊಸ ಜಗಲಿಗಳು ಕಟ್ಟಲ್ಪಟ್ಟಿರಲಿಲ್ಲ.

೨೦೧೮ರ ಮೇ ೨೦ರಂದು ಹೊಸ ವೇಳಾಪಟ್ಟಿ ಜಾರಿಗೆ ಬಂದೊಡನೆ ವ್ಯವಸ್ಥೆ ಕುಸಿಯಿತು. ಜೂನ್ ೪ರಿಂದ ದಿನಕ್ಕೆ ೧೬೫ ರೈಲುಗಳನ್ನು ತೆಗೆದುಹಾಕಿ ತಾತ್ಕಾಲಿಕ ಪಟ್ಟಿಯನ್ನು ಮಾಡಿದರು. ಸರೋವರಸೀಮೆಯ ವಿಂಡರ್ಮಿಯರ್ ಶಾಖೆಯಲ್ಲಿ ಕೆಲವು ವಾರಗಳ ಕಾಲ ಕಂಪೆನಿಯ ರೈಲು ಓಡಲೇ ಇಲ್ಲ. ನೌಕರಿಗೂ ಪರೀಕ್ಷೆಗೂ ಜನ ತಲಪಲಾರದೆ ಹೋದರು. ರೈಲ್ವೆ ನಿಯಂತ್ರಣ ಮಂಡಲಿಯ ಅಧ್ಯಕ್ಷರಾದ ಸ್ಟೀಫನ್ ಗ್ಲೇಸ್ಟರ್ ಅವರು ವಿಚಾರಣೆ ನಡೆಸಿ, ಆ ವರ್ಷದ ಸೆಪ್ಟೆಂಬರಿನಲ್ಲಿ ವರದಿಯನ್ನು ಕೊಟ್ಟರು. ಹಳಿಯವರು, ರೈಲಿನವರು, ಇಲಾಖೆಯವರು, ನಿಯಂತ್ರಕರು ಎಲ್ಲರೂ ಅವರವರ ಭಾಗದಲ್ಲಿ ತಪ್ಪಿದರು. ಸಮಗ್ರಕ್ಕೆ ಹೊಣೆ ಹೊತ್ತವರು ಯಾರೂ ಇರಲಿಲ್ಲ ಎಂಬುದೇ ಅದರ ಸಾರ.

ರೈಲುಗಳಲ್ಲಿ ಗಾರ್ಡುಗಳಿರಬೇಕೆಂದು ನೌಕರರ ಸಂಘ ೨೦೧೭ರಿಂದ ೨೦೧೯ರ ಆರಂಭದ ವರೆಗೆ ನಡೆಸಿದ ಮುಷ್ಕರಗಳೂ ಇದರೊಡನೆ ಕೂಡಿದುವು. ಹೊಸ ಗಾಡಿಗಳು ತಡವಾಗಿ, ೨೦೧೯ರ ಜುಲೈ ೧ರಂದು ಮೊದಲ ಬಾರಿಗೆ ಪ್ರಯಾಣಿಕರನ್ನು ಹೊತ್ತುವು. ಆದಾಯವು ಪತ್ರದಲ್ಲಿ ಊಹಿಸಿದ ಮಟ್ಟಕ್ಕೆ ಏರಲಿಲ್ಲ. ೨೦೨೦ರ ಜನವರಿ ೨೯ರಂದು ಸಾರಿಗೆ ಮಂತ್ರಿಗಳಾದ ಗ್ರ್ಯಾಂಟ್ ಷಾಪ್ಸ್ ಅವರು ಗುತ್ತಿಗೆಯ ಅಂತ್ಯವನ್ನು ಘೋಷಿಸಿದರು. ಮಾರ್ಚ್ ೧ರಿಂದ ‘ನಾರ್ದರ್ನ್ ಟ್ರೇನ್ಸ್’ ಎಂಬ ಸರ್ಕಾರಿ ಕಂಪೆನಿ ಕಾರ್ಯವನ್ನು ವಹಿಸಿಕೊಂಡಿತು. ಗುತ್ತಿಗೆದಾರನಿಲ್ಲದೆ ಹೋದರೆ ಸರ್ಕಾರವೇ ರೈಲನ್ನು ನಡೆಸತಕ್ಕುದೆಂಬ ವಿಧಿ ೧೯೯೩ರ ಶಾಸನದಲ್ಲಿಯೇ ಅಡಗಿದ್ದಿತು. ಪೇಸರ್ ಗಾಡಿಗಳು ಆ ವರ್ಷದ ನವೆಂಬರಿನಲ್ಲಿ ಈ ಪ್ರಾಂತದಿಂದ ನಿವೃತ್ತವಾದುವು.

ಅದೇ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ದೇಶದ ರೈಲುಗಳೆಲ್ಲ ಬರಿದಾದುವು. ಉಳಿದ ಗುತ್ತಿಗೆಗಳ ಲಾಭನಷ್ಟಗಳನ್ನೂ ಸರ್ಕಾರವೇ ಹೊತ್ತುಕೊಂಡಿತು. ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ಮುಗಿಯಿತೆಂದು ಸಾರಿತು. ೨೦೨೪ರ ನವೆಂಬರಿನಲ್ಲಿ ಅಂಗೀಕೃತವಾದ ಶಾಸನವು, ಗುತ್ತಿಗೆಗಳು ಮುಗಿದಂತೆಲ್ಲ ಪ್ರಯಾಣಿಕ ರೈಲುಗಳು ಸಾರ್ವಜನಿಕ ಸ್ವಾಮ್ಯಕ್ಕೆ ಬರತಕ್ಕುವೆಂದು ವಿಧಿಸಿತು.

೮. ವಿಮರ್ಶೆ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ೧೯೯೭ರಿಂದ ೨೦೨೦ರ ವರೆಗೆ ರೈಲುಗಳ ಹೆಸರು ಅನೇಕ ಸಲ ಬದಲಾಯಿತು. ಅದೇ ಹಳಿ, ಬಹುಮಟ್ಟಿಗೆ ಅದೇ ಗಾಡಿ, ಅದೇ ನೌಕರರು. ಕೈ ಬದಲಾದುದು ಸ್ವಾಮ್ಯವಲ್ಲ; ನಡೆಸುವ ಅಧಿಕಾರ, ಅದೂ ಅತ್ಯಂತ ಸಂಕುಚಿತವಾದುದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳ ವಿಚಾರವಾಗಿ ಒಂದು ನಿಯಮವಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಈ ಗ್ರಂಥ ವಿದ್ವಾಂಸರಿಗೆ ಪರಿಚಿತವೇ. ವೆಚ್ಚವೂ ಶ್ರಮವೂ ಭಾರವಾದ ಗಣಿಯನ್ನು ರಾಜನು ಪಾಲಿಗಾಗಲಿ ಗುತ್ತಿಗೆಗಾಗಲಿ ಅನ್ಯರಿಗೆ ಕೊಡಬೇಕು. ಸುಲಭವಾದುದನ್ನು ತಾನೇ ನಡೆಸಬೇಕು ಎಂಬುದು ಅಲ್ಲಿನ ಅಭಿಪ್ರಾಯ. ಇಂಗ್ಲೆಂಡಿನವರು ಮಾಡಿದುದೂ ಇದನ್ನೇ ಅಲ್ಲವೇ ಎಂದು ಪೂರ್ವಪಕ್ಷ ಮಾಡಬಹುದು. ಹಾಗಲ್ಲ. ಗಣಿಯ ಗುತ್ತಿಗೆದಾರನು ಭಾರವನ್ನು ತಾನೇ ಹೊರುತ್ತಾನೆ; ಅಗೆಯುವ ನೆಲವೂ ಉಪಕರಣವೂ ಆಳುಗಳೂ ಅವನ ವಶದಲ್ಲಿರುತ್ತವೆ; ಫಲದಲ್ಲಿ ರಾಜನಿಗೆ ಭಾಗವನ್ನು ಕೊಡುತ್ತಾನೆ. ಪ್ರಾಂತೀಯ ರೈಲಿನ ಗುತ್ತಿಗೆಯಲ್ಲಿ ಭಾರ ರಾಜನ ಮೇಲೆಯೇ ಉಳಿಯಿತು. ಸಾಧನಗಳು ಮೂರನೆಯವರ ವಶವಾದುವು. ಗುತ್ತಿಗೆದಾರನು ಭಾರವನ್ನು ಹೊರಲಾರದಾದಾಗ ಅದನ್ನು ಇಳಿಸಿ ಹೊರಟುಹೋಗುವ ದಾರಿಯಿದ್ದಿತು. ರಾಜನಿಗೆ ಆ ದಾರಿಯಿಲ್ಲ. ರೈಲು ಮರುದಿನ ಬೆಳಗ್ಗೆ ಓಡಲೇಬೇಕು.

ಹಾಗೆಂದು ಖಾಸಗಿಯವರಿಂದ ಏನೂ ಆಗದೆಂದು ನಿರ್ಣಯಿಸುವುದೂ ಅವಸರ. ನೆರೆಯ ಲಿವರ್‌ಪೂಲಿನ ‘ಮರ್ಸಿರೈಲ್’ ಸ್ಥಳೀಯ ಮಂಡಲಿಯಿಂದ ೨೦೦೩ರಲ್ಲಿ ಇಪ್ಪತ್ತೈದು ವರ್ಷಗಳ ಅವಧಿಗೆ ಗುತ್ತಿಗೆಗೆ ಬಂದಿತು. ಸರ್ಕೋ, ನೆಡ್‌ರೈಲ್ವೇಸ್ ಎಂಬ ಅದೇ ಇಬ್ಬರು ಅದನ್ನು ವಹಿಸಿಕೊಂಡರು. ಅದು ಆ ಕುಸಿತಕ್ಕೆ ಸಿಕ್ಕಲಿಲ್ಲ. ಅಲ್ಲಿ ಮಾರ್ಗ ಬಹುಮಟ್ಟಿಗೆ ಪ್ರತ್ಯೇಕವಾದುದು, ಅವಧಿ ದೀರ್ಘವಾದುದು, ಪತ್ರ ಬರೆದವರು ಅದೇ ಊರಿನವರು. ಸರ್ಕಾರಿ ಸ್ವಾಮ್ಯವೊಂದರಿಂದಲೇ ಎಲ್ಲವೂ ಸರಿಹೋಗದೆಂಬುದಕ್ಕೂ ನಿದರ್ಶನವುಂಟು. ಬೀಚಿಂಗರ ಕತ್ತರಿ, ಪೇಸರ್ ಗಾಡಿ ಎರಡೂ ಸರ್ಕಾರಿ ಕಾಲದವೇ. ಕ್ಯಾಸಲ್‌ಫೀಲ್ಡಿನ ಎರಡು ಹಳಿಗಳು ೨೦೨೦ರ ಮಾರ್ಚ್ ೧ರಂದು ನಾಲ್ಕಾಗಲಿಲ್ಲ.

ಈ ಎಲ್ಲವನ್ನೂ ಪರ್ಯಾಲೋಚಿಸಿದರೆ, ದೋಷದ ಮೂಲವು ಸ್ವಾಮ್ಯ ಯಾರದೆಂಬುದಕ್ಕಿಂತ ಹೊಣೆಯನ್ನು ಹಂಚಿದ ರೀತಿಯಲ್ಲಿದೆಯೆಂದು ತೋರುತ್ತದೆ. ಕರ್ಮವೊಂದರ ಅಂಗಗಳನ್ನು ಬೇರೆ ಬೇರೆ ಋತ್ವಿಕ್ಕುಗಳು ನಡೆಸಬಹುದು. ಆದರೆ ಲೋಪವನ್ನು ನೋಡಿ ಸರಿಪಡಿಸುವುದಕ್ಕೆ ಬ್ರಹ್ಮನೆಂಬ ಋತ್ವಿಕ್ಕೊಬ್ಬನನ್ನು ನಮ್ಮ ಯಾಜ್ಞಿಕರು ನಿಯಮಿಸಿದ್ದರು. ೧೯೯೩ರ ಶಾಸನದಲ್ಲಿ ಆ ಸ್ಥಾನ ಬರಿದಾಗಿದ್ದಿತು. ವಿಂಡರ್ಮಿಯರ್ ನಿಲ್ದಾಣದಲ್ಲಿ ಬಾರದ ರೈಲಿಗೆ ಕಾದವನು ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಆ ಶಾಸನ ಒಂದು ಉತ್ತರವನ್ನು ಕೊಡಲಿಲ್ಲ, ನಾಲ್ಕು ಉತ್ತರಗಳನ್ನು ಕೊಟ್ಟಿತು. ಲೋಕೋಪಯೋಗಿಯಾದ ಯಾವುದೇ ಕಾರ್ಯವನ್ನು ಗುತ್ತಿಗೆಗೆ ಕೊಡಬೇಕೆಂದಾಗಲಿ ಹಿಂದಕ್ಕೆ ತೆಗೆದುಕೊಳ್ಳಬೇಕೆಂದಾಗಲಿ ಆಲೋಚಿಸುವವರು ಮೊದಲು ಈ ಪ್ರಶ್ನೆಗೆ ಒಂದೇ ಉತ್ತರವಿರುವಂತೆ ನೋಡಿಕೊಳ್ಳುವುದು ಯುಕ್ತ.